ಘಟ್ಟ ಹತ್ತದ ಹಾರುಮೀನು

ಮಿಯೆನ್ ಹುಟ್ಟಿದ್ದು ಕಡಲ ದಡದ ಸಾ ಹ್ವಿನ್‌ನ ಉಪ್ಪಿನ ಗದ್ದೆಗಳ ಅಂಚಿನಲ್ಲಿ. ಆ ಊರಿನ ಹೆಂಗಸರಿಗೆ ಮೀನು ಕಂಡ ಕೂಡಲೇ ಕೈ ತಾನಾಗಿ ಉಪ್ಪಿನ ಬುಟ್ಟಿಗೆ ಹೋಗುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದರಲ್ಲೂ ಘಟ್ಟದ ಮೇಲೆ ಹೋಗುವ ಮೀನೆಂದರೆ ಮುಗಿದೇ ಹೋಯಿತು. ಉಪ್ಪು ಹಾಕದ ಮೀನನ್ನು ಘಟ್ಟ ಹತ್ತಿಸುವುದೆಂದರೆ ಕೊಳೆತದ್ದನ್ನು ಕಳಿಸಿ ಆ ಮನೆಗೆ ಕೇಡು ಬಯಸಿದ ಹಾಗೆ ಎಂದು ಅಲ್ಲಿಯ ಮುದುಕಿಯರು ನಂಬಿದ್ದರು, ಸೊಸೆಯಂದಿರಿಗೂ ನಂಬಿಸಿದ್ದರು. ಮಿಯೆನ್ ಕೂಡ ನಂಬಿಕೊಂಡೇ ಬೆಳೆದಳು. ಒಂದು ದಿನ ತಾನೇ ಆ ಘಟ್ಟದ ಮೇಲೆ ಹೋಗಿ ಕೂರಬೇಕಾಗುತ್ತದೆಂದು ಅವಳಿಗೇನು ಗೊತ್ತಿತ್ತು!

ಗಂಡ ಥಿಯೆಪ್ ಒಳ್ಳೆಯ ದೋಣಿಗಾರ. ಮಾತು ಕಡಿಮೆ, ಸಿಟ್ಟು ಜಾಸ್ತಿ, ಊಟದ ವಿಷಯದಲ್ಲಿ ಮಾತ್ರ ಮಹಾರಾಜ. ಹಾರುಮೀನಿನ ಕಾಲ ಬಂತೆಂದರೆ ಅವನು ಬೇರೆ ಮೀನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದೋಣಿಯಿಂದ ಇಳಿದವನೇ ಆರು ಮೀನನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬರುತ್ತಿದ್ದ. ಹಸಿ ಅರಿಶಿನ, ಸಣ್ಣ ಈರುಳ್ಳಿ, ಮೆಣಸು ಜಜ್ಜಿ ಮೀನಿನ ಹೊಟ್ಟೆಗೆ ತುಂಬಿ, ರೆಕ್ಕೆಗಳನ್ನು ಮಡಚಿ ಕೆಂಡದ ಮೇಲೆ ಇಟ್ಟರೆ ಸಾಕು, ಮನೆಯೆಲ್ಲ ಘಮ ಘಮ. ಉಳಿದದ್ದು ಎಳೆ ಹಲಸಿನಕಾಯಿಯ ಜೊತೆ ಸಾರಿಗೆ. ಮದುವೆಯಾದ ಮೊದಲ ವರ್ಷ ಅವರಿಬ್ಬರ ನಡುವೆ ಆದ ಜಗಳಗಳೆಲ್ಲ ಆ ಸಾರಿನ ಮುಂದೆ ಕೂತಾಗ ಮುಗಿದುಹೋಗುತ್ತಿದ್ದವಂತೆ.

ಯುದ್ಧ ಮುಗಿದ ಮರುವರ್ಷದ ಬಿರುಗಾಳಿಯಲ್ಲಿ ದೋಣಿ ಹೋಯಿತು, ಬಲೆ ಹೋಯಿತು. ಅದರ ಮುಂದಿನ ವರ್ಷ ಹಳ್ಳಿಯಲ್ಲಿ ಪಟ್ಟಿ ಓದಿದರು. ದೋಣಿ ಇಲ್ಲದವರಿಗೆ ಘಟ್ಟದ ಮೇಲೆ ಹೊಸ ಭೂಮಿ, ಆರು ತಿಂಗಳ ಅಕ್ಕಿ, ಒಂದು ಗುದ್ದಲಿ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಬೇಡ ಅನ್ನುವ ಹಾಗಿರಲಿಲ್ಲ. ಹೀಗೆ ಕಡಲಲ್ಲಿ ಗಾಳಿ ಮೂಸಿ ದಾರಿ ಹೇಳುತ್ತಿದ್ದ ಗಂಡಸು ಪ್ಲೇಕು ಹತ್ತಿರದ ಕೆಂಪು ಮಣ್ಣಿನಲ್ಲಿ ಮರಗೆಣಸು ನೆಡಲು ಕೂತ. ಎರಡನೇ ವರ್ಷ ಹೊಸ ನೆಲ ಅಗೆಯುವಾಗ ಗುದ್ದಲಿ ಯಾವುದೋ ಹಳೆಯ ಸಿಡಿಗುಂಡಿಗೆ ತಾಗಿತು. ಜೀವ ಉಳಿಯಿತು, ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಆಮೇಲೆ ಅವನು ಕೆಳಗೆ ಊರಿಗೆ ಹೋಗುವ ಮಾತೇ ಇಲ್ಲ. ಆ ಕಾಲದ ಬಸ್ಸಿಗೆ ಎರಡು ಕಾಲಿದ್ದವರೇ ಕಿಟಕಿಯಲ್ಲಿ ತೂರಿಕೊಂಡು ಹತ್ತಬೇಕಿತ್ತು.

ಕೆಳಗಿನಿಂದ ಮಿಯೆನ್‌ಳ ಅಣ್ಣ ತ್ರಾಕ್ ತಪ್ಪದೆ ಮೀನು ಕಳಿಸುತ್ತಿದ್ದ. ಅಣ್ಣನ ಹೆಂಡತಿ ಬೋಂಗ್ ಅತ್ತಿಗೆಯ ಕೈಯ ಉಪ್ಪುಮೀನು, ಕಲ್ಲಿನಷ್ಟು ಗಟ್ಟಿ, ಎರಡು ವರ್ಷ ಇಟ್ಟರೂ ಕೆಡದು. ಘಟ್ಟದ ಮೇಲೆ ಹುಟ್ಟಿದ ಮಗಳು ಯೆನ್ ಕಂಡದ್ದು ಅದೊಂದೇ. ಆರು ವರ್ಷದವಳಿದ್ದಾಗ ಊಟಕ್ಕೆ ಕೂತವಳು ಅಪ್ಪನನ್ನು ಕೇಳಿದಳು, "ಅಪ್ಪ, ಕಡಲ ನೀರು ಉಪ್ಪಾಗಿರೋದಕ್ಕೇ ಮೀನೂ ಹುಟ್ತಾನೇ ಉಪ್ಪಾಗಿರುತ್ತೆ ಅಲ್ವಾ?"

ಮಿಯೆನ್‌ಗೆ ನಗು ತಡೆಯಲಾಗಲಿಲ್ಲ. ಥಿಯೆಪ್ ನಗಲಿಲ್ಲ. ಬಟ್ಟಲನ್ನು ಹಾಗೇ ಇಟ್ಟು ಕೋಲು ಊರಿಕೊಂಡು ಹೊರಗೆ ಹೋದ. ಆ ರಾತ್ರಿ ಊಟ ಮಾಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಉಪ್ಪು ಹಾಕದ ಹಾರುಮೀನು ಒಮ್ಮೆಯಾದರೂ ತಿನ್ನಬೇಕು. ಬೇರೇನೂ ಕೇಳಿದವನಲ್ಲ ಆ ಮನುಷ್ಯ. ಮರದ ಕಾಲು ಕೊಡಿಸುತ್ತೇವೆ ಎಂದರೂ ಬೇಡ ಎಂದಿದ್ದ. ಮಿಯೆನ್ ಅಣ್ಣನಿಗೆ ಪತ್ರ ಹಾಕಿದಳು: ಈ ಸಲ ಉಪ್ಪು ಹಾಕಬೇಡಿ, ಮಂಜುಗಡ್ಡೆ ಸಿಕ್ಕರೆ ಭತ್ತದ ಹೊಟ್ಟಿನಲ್ಲಿ ಮುಚ್ಚಿ ಬಸ್ಸಿಗೆ ಹಾಕಿ. ಬಸ್ಸಿನಲ್ಲಿ ಬಂದದ್ದು ಉಪ್ಪುಮೀನೇ. ಜೊತೆಗೆ ಒಂದು ಚೀಟಿ: 'ಅತ್ತಿಗೆಗೆ ಮನಸ್ಸು ಬರಲಿಲ್ಲ.'

ಮುಂದಿನ ವರ್ಷ ಮಿಯೆನ್ ಸ್ವಲ್ಪ ಖಾರವಾಗಿಯೇ ಬರೆದಳು. ಬೋಂಗ್ ಅತ್ತಿಗೆ ಪಾಪ, ಬಹಳ ಯೋಚನೆ ಮಾಡಿರಬೇಕು. ಉಪ್ಪು ಹಾಕದಿದ್ದರೆ ನಾದಿನಿಯ ಮನೆಗೆ ಕೇಡು, ಹಾಕಿದರೆ ನಾದಿನಿಗೆ ಸಿಟ್ಟು. ಎರಡೂ ಬೇಡವೆಂದು ಅರ್ಧ ಉಪ್ಪು ಹಾಕಿ ಕಳಿಸಿದಳು! ಅರ್ಧ ಉಪ್ಪಿನ ಮೀನು ಘಟ್ಟ ಹತ್ತುವಷ್ಟರಲ್ಲಿ ಏನಾಗುತ್ತದೆಂದು ನಾನು ಹೇಳಬೇಕೆ? ಬಸ್ಸಿನವನು ಮೂಗು ಮುಚ್ಚಿಕೊಂಡು ಡಬ್ಬಿಯನ್ನು ದೂರದಿಂದಲೇ ಮಿಯೆನ್ ಕಾಲ ಬಳಿ ಎಸೆದು, "ತಗೊಳಮ್ಮ ನಿಮ್ಮ ತವರಿನ ಉಡುಗೊರೆ. ಇನ್ನೊಂದ್ಸಲ ಇಂಥದ್ದು ಬಂದ್ರೆ ನಿಮ್ಮಣ್ಣನನ್ನೇ ಕಟ್ಟಿ ತಂದು ಹಾಕ್ತೀನಿ" ಎಂದು ಬೈದು ಹೋದ. ಮಿಯೆನ್ ಅದನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತಳು. ಥಿಯೆಪ್ ಬಾಗಿಲಲ್ಲಿ ಕೂತು ನೋಡುತ್ತಿದ್ದ.

ಘಟ್ಟಕ್ಕೆ ಬಂದ ಒಂಬತ್ತನೇ ವರ್ಷ ಅವನು ಊಟ ಕಡಿಮೆ ಮಾಡುತ್ತಾ ಬಂದ. ಕಾಯಿಲೆ ಏನೂ ಇಲ್ಲ, ಅನ್ನ ಇಳಿಯುತ್ತಿಲ್ಲ ಅಷ್ಟೆ. ಕೆನ್ನೆ ಒಳಗೆ ಹೋಯಿತು, ಅಂಗಿ ಜೋತುಬಿತ್ತು. ಮಿಯೆನ್ ಕಣ್ಣೀರು ಹಾಕಿದಳು, ಬೈದಳು, ಮೊಟ್ಟೆ ಹುಡುಕಿ ತಂದಳು, ಹೊಳೆಯ ಮೀನು ಬೇಯಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟು, "ಕೆಸರು ವಾಸನೆ" ಎಂದು ತಟ್ಟೆ ದೂಡಿದ.

"ಹಾಗಾದ್ರೆ ಏನು ಮಾಡ್ಲಿ ಹೇಳಿ. ಕಡಲನ್ನ ಬಿಂದಿಗೇಲಿ ಹೊತ್ಕೊಂಡು ಬರ್ಲಾ?" ಎಂದು ಅವಳು ರೇಗಿದಳು.

ಅವನು ಮೆಲ್ಲಗೆ ಹೇಳಿದ, "ಆ ರುಚಿ ಮರೆತು ಹೋಗ್ತಾ ಇದೆ ಮಿಯೆನ್. ಮೊದಲೆಲ್ಲ ಕಣ್ಣು ಮುಚ್ಚಿದ್ರೆ ನಾಲಿಗೆ ಮೇಲೆ ಬರ್ತಿತ್ತು. ಈಗ ಎಷ್ಟು ಹೊತ್ತು ಕೂತ್ರೂ ಬರೋದಿಲ್ಲ."

ಗಂಡ ರೇಗುವುದನ್ನು, ಕೂಗಾಡುವುದನ್ನು ಮಿಯೆನ್ ತಾಳಿಕೊಳ್ಳಬಲ್ಲಳು. ಇಷ್ಟು ಮೆತ್ತಗೆ ಮಾತಾಡುವುದನ್ನು ಕೇಳಿ ಅವಳಿಗೆ ಭಯವಾಯಿತು. ಈ ಮನುಷ್ಯ ಕೈ ಬಿಟ್ಟು ಹೋಗುತ್ತಿದ್ದಾನೆ ಅನ್ನಿಸಿತು. ಮಾರನೆಯ ದಿನವೇ, ಊರು ಬಿಡಲು ಸರ್ಕಾರ ಕೊಡುವ ಪ್ರಯಾಣದ ಕಾಗದಕ್ಕೆ ಅರ್ಜಿ ಹಾಕಿದಳು. ತಾನೇ ಹೋಗುವುದು, ತಾನೇ ತರುವುದು, ಯಾರ ಕೈಗೂ ಉಪ್ಪು ಸಿಗಬಾರದು.

ಕಾಗದ ಕೈಗೆ ಬರಲು ಇಪ್ಪತ್ತು ದಿನ ಹಿಡಿಯಿತು. ಹಾರುಮೀನಿನ ಕಾಲ ಮುಗಿಯುತ್ತಾ ಬಂದಿತ್ತು. ಹೊರಡುವ ದಿನ ಥಿಯೆಪ್ ಕ್ಷೌರ ಮಾಡಿಕೊಂಡಿದ್ದ. ಬೇಲಿಯ ತನಕ ಕೋಲು ಊರಿಕೊಂಡು ಬಂದು, "ಕಿವಿರು ಎತ್ತಿ ನೋಡು, ಕೆಂಪಗಿರ್ಬೇಕು. ನಿಮ್ಮಣ್ಣನ ಮಾತು ನಂಬ್ಬೇಡ" ಎಂದ.

"ನನಗೆ ಮೀನು ನೋಡೋದು ಹೇಳ್ಕೊಡ್ತೀರಾ? ಚೆನ್ನಾಗಿದೆ" ಎಂದು ಅವಳು ನಕ್ಕಳು. ಅವನೂ ನಕ್ಕ. ಅವನ ನಗು ನೋಡಿ ಎಷ್ಟು ತಿಂಗಳಾಗಿತ್ತೋ.

ಅಣ್ಣನ ಮನೆ ಮುಟ್ಟುವಾಗ ಸಂಜೆ. ಅತ್ತಿಗೆ ಬೋಂಗ್ ತಬ್ಬಿಕೊಂಡು ಅತ್ತಳು, ಬಡವಾಗಿದ್ದೀಯ ಎಂದು ಕೆನ್ನೆ ಸವರಿದಳು. ಆದರೆ ಅವತ್ತು ದೋಣಿಗಳೆಲ್ಲ ಕಡಲಲ್ಲಿ. ಮನೆಯಲ್ಲಿ ಇದ್ದದ್ದು ಉಪ್ಪುಮೀನು! ಒಂಬತ್ತು ವರ್ಷದ ಮೇಲೆ ತವರಿಗೆ ಬಂದ ಮಿಯೆನ್ ಅದನ್ನೇ ತಿಂದು ಮಲಗಿದಳು. ಬೆಳಗಿನ ಜಾವ ದೋಣಿ ಬಂತು. ಹನ್ನೆರಡು ಹಾರುಮೀನು, ಒಂದೊಂದೂ ಅಂಗೈಗೆ ತಣ್ಣಗೆ, ಬೆನ್ನು ನೀಲಿ, ಕಿವಿರು ಕೆಂಪು. ಅವಳಿಗೆ ಅಲ್ಲೇ ಒಂದನ್ನು ಸುಟ್ಟು ತಿನ್ನುವ ಆಸೆ ಎಷ್ಟಿತ್ತೋ! ಆದರೆ ಬಸ್ಸು ಇರುವುದು ದಿನಕ್ಕೊಂದು, ಅದು ನಿಲ್ಲುವುದು ಎರಡು ನಿಮಿಷ. ಅಣ್ಣ ಮಂಜುಗಡ್ಡೆ ಒಡೆದು ಬಿಸ್ಕತ್ತಿನ ದೊಡ್ಡ ಡಬ್ಬಿಗೆ ತುಂಬಿದ, ಭತ್ತದ ಹೊಟ್ಟು ಸುರಿದ. ಅತ್ತಿಗೆ ಕೈ ಕಟ್ಟಿಕೊಂಡು ನಿಂತಿದ್ದಳು. ಆ ಕೈಗಳು ಕಟ್ಟಿಕೊಂಡೇ ಇರಲು ಎಷ್ಟು ಕಷ್ಟಪಡುತ್ತಿದ್ದವೆಂದು ಮಿಯೆನ್‌ಗೆ ಕಾಣುತ್ತಿತ್ತು.

"ಎಂತದು ಮಾರಾಯ್ತಿ, ಒಂದು ಹಿಡಿ ಆದ್ರೂ ಉದುರಿಸ್ತೇನೆ. ಬರೀ ಮೀನು ಘಟ್ಟ ಹತ್ತುದುಂಟಾ?" ಎಂದು ಅತ್ತಿಗೆ ಕೊನೆಗೂ ಬಾಯಿಬಿಟ್ಟಳು.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೇನೆ, ಮುಟ್ಟಬೇಡಿ. ಅವರು ಕಾಯ್ತಾ ಇದ್ದಾರೆ."

"ಕೆಟ್ಟುಹೋದ್ರೆ ನನ್ನನ್ನ ಬೈಬಾರ್ದು ಮತ್ತೆ."

"ಬೈಯೋದಿಲ್ಲ."

ಬಸ್ಸು ಬಂತು. ಡೀಸೆಲ್ ಸಿಗದ ಕಾಲ, ಇದ್ದಿಲ ಹೊಗೆಯಲ್ಲೇ ಎಂಜಿನ್ ಓಡಿಸಲು ಹಿಂದೆ ಒಂದು ಇದ್ದಿಲಿನ ಪೀಪಾಯಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಕೆಂಡ ಉದುರಿಸುತ್ತಾ ಕೆಮ್ಮಿಕೊಂಡು ಬರುವ ಬಸ್ಸು. ಮಿಯೆನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂದು ಗಂಟೆಯೂ ಆಗಿರಲಿಲ್ಲ, ಮಂಜುಗಡ್ಡೆಯ ನೀರು ತೊಟ್ಟಿಕ್ಕಿ ಪಕ್ಕದವನ ಅಕ್ಕಿ ಚೀಲಕ್ಕೆ ಇಳಿಯಿತು. ಅವನು ಕೂಗಾಡಿದ. ಕಂಡಕ್ಟರ್ ಬಂದು ಒಂದು ಮಾತೂ ಕೇಳದೆ ಡಬ್ಬಿ ಎತ್ತಿ ಮೇಲೆ ಟಾಪಿಗೆ ಹಾಕಿ ಕಟ್ಟಿದ. "ಅಣ್ಣ, ಬಿಸಿಲು, ಅಣ್ಣ, ಒಳಗೆ ಮೀನಿದೆ" ಎಂದು ಅವಳು ಬೇಡಿಕೊಂಡಳು. "ಮೀನಿಗೆ ಬಿಸಿಲು ಬಿದ್ರೆ ನೆಗಡಿ ಬರುತ್ತಾ?" ಎಂದು ಅವನು ನಕ್ಕು ಮುಂದೆ ಹೋದ. ಅಂಥವನ ಹತ್ತಿರ ಏನು ಮಾತಾಡುತ್ತೀರಿ?

ಆದರೂ ಸಂಜೆಗೆ ಮನೆ ಸೇರಿದ್ದರೆ ಹೇಗೋ ನಡೆಯುತ್ತಿತ್ತು. ಆನ್ ಖೇ ಘಟ್ಟದ ಬುಡಕ್ಕೆ ಬರುವಾಗ ಬೆಳಿಗ್ಗೆ ಹನ್ನೊಂದು. ಬಸ್ಸು ನಾಲ್ಕು ತಿರುವು ಹತ್ತಿತು, ಐದನೆಯದರಲ್ಲಿ ಕೆಳಗಿನಿಂದ ಏನೋ ಫಟ್ಟೆಂದು ಮುರಿದ ಸದ್ದು. ಎಲ್ಲರೂ ಇಳಿದರು. ಡ್ರೈವರ್ ಬಸ್ಸಿನಡಿ ಮಲಗಿ ನೋಡಿ, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಹೊರಗೆ ಬಂದು, "ಅಚ್ಚು ಹೋಗಿದೆ. ಕೆಳಗಿಂದ ಬೇರೆ ತರಿಸ್ಬೇಕು. ನಾಳೆ ಬೆಳಿಗ್ಗೆ ತನಕ ಎಲ್ಲರೂ ಹಾಯಾಗಿ ಗಾಳಿ ತಗೊಳ್ಳಿ" ಎಂದ.

ಮಿಯೆನ್ ಡಬ್ಬಿ ಇಳಿಸಿಕೊಂಡು ಮರದ ನೆರಳಿಗೆ ಹೋಗಿ ಮುಚ್ಚಳ ತೆಗೆದಳು. ಮಂಜುಗಡ್ಡೆ ಒಂದು ಚೂರೂ ಇಲ್ಲ. ಹೊಟ್ಟು ಉಗುರುಬೆಚ್ಚಗೆ ಒದ್ದೆ. ಕಿವಿರು ಎತ್ತಿ ನೋಡಿದಳು, ಇನ್ನೂ ಕೆಂಪು. ಮೂಸಿದಳು, ಇನ್ನೂ ಕಡಲ ವಾಸನೆ. ಹೆಚ್ಚೆಂದರೆ ಇನ್ನೆರಡು ಗಂಟೆ ತಡೆದೀತು. ಆ ದಾರಿಯಲ್ಲಿ ಮೇಲಕ್ಕೆ ಹೋಗುವ ಬೇರೆ ಗಾಡಿ ಬರುತ್ತದೆಯೇ ಎಂದು ರಸ್ತೆಯ ಮಧ್ಯೆ ನಿಂತಳು. ಮಿಲಿಟರಿ ಲಾರಿಯೊಂದು ಬಂತು, ನಿಲ್ಲಿಸದೆ ಧೂಳೆಬ್ಬಿಸಿ ಹೋಯಿತು. ಆಮೇಲೆ ಒಂದು ಎತ್ತಿನ ಗಾಡಿ. ಅಷ್ಟೆ. ಹಿಂತಿರುಗಿ ಬಂದು ಡಬ್ಬಿಯ ಪಕ್ಕ ಕೈ ಚೆಲ್ಲಿ ಕೂತಳು.

ಬಸ್ಸಿನಲ್ಲಿ ಉಪ್ಪು ಮಾರುವ ಒಬ್ಬ ಮುದುಕಿ ಇದ್ದಳು. ಅವಳೂ ಸಾ ಹ್ವಿನ್ ಕಡೆಯವಳೇ, ಘಟ್ಟದ ಹಳ್ಳಿಗಳಿಗೆ ಉಪ್ಪು ಹೊತ್ತು ಹೊತ್ತು ಬೆನ್ನು ಬಾಗಿದವಳು. ಎಲೆ ಅಡಿಕೆ ಜಗಿಯುತ್ತಾ ಹತ್ತಿರ ಬಂದು ಡಬ್ಬಿಯೊಳಗೆ ಇಣುಕಿದಳು.

"ಯಾರ ಮಗಳೇ ನೀನು?"

ಮಿಯೆನ್ ಹೇಳಿದಳು.

"ಓ, ಉಪ್ಪಿನ ಗದ್ದೆಯವರ ಮನೆ ಹುಡುಗಿ! ಮತ್ತೆ ಎಂತಕ್ಕೆ ಹೀಗೆ ಕೂತದ್ದು? ಕಣ್ಣೆದುರಿಗೆ ಮೀನು ಕೊಳೆಯುದು ನೋಡ್ತಾ ಕೂತ್ರೆ ಸತ್ತ ನಿನ್ನ ಅಮ್ಮ ಎದ್ದು ಬಂದು ಕೆನ್ನೆಗೆ ಕೊಡ್ತಾಳೆ."

"ಅಜ್ಜಿ, ಇದಕ್ಕೆ ಉಪ್ಪು ಹಾಕೋ ಹಾಗಿಲ್ಲ. ಅವರಿಗೆ ಉಪ್ಪು ಹಾಕದ್ದೇ ಬೇಕು. ಒಂಬತ್ತು ವರ್ಷದಿಂದ..." ಮುಂದೆ ಹೇಳಲಾಗದೆ ಮಿಯೆನ್ ಬಿಕ್ಕಿದಳು. ಎಲ್ಲರೆದುರು, ಸಣ್ಣ ಮಗುವಿನ ಹಾಗೆ.

ಮುದುಕಿ ಕೇಳಿಸಿಕೊಂಡಳು. ಎಲೆಯಡಿಕೆ ಉಗಿದಳು. "ಗಂಡನಿಗೆ ಬೇಕಾದ್ದು ಈಗ ಸಿಗುದಿಲ್ಲ. ಅದು ಮುಗೀತು. ಕೊಳೆತದ್ದು ತಗೊಂಡು ಹೋಗ್ತೀಯೋ, ಉಪ್ಪುಮೀನು ತಗೊಂಡು ಹೋಗ್ತೀಯೋ, ಅದನ್ನ ಹೇಳು." ಹೇಳಿದವಳೇ ತನ್ನ ಮೂಟೆಯ ಬಾಯಿ ಬಿಚ್ಚಿದಳು.

ಡ್ರೈವರ್‌ಗೂ ವಾಸನೆ ಬಡಿದಿತ್ತು. "ಅಕ್ಕ, ಎರಡು ಮೂರು ಇತ್ಲಾಗೆ ಕೊಡಿ, ಪೀಪಾಯೀಲಿ ಕೆಂಡ ಹೆಂಗೂ ಉರೀತಾ ಇದೆ. ಬಸ್ಸು ಓಡ್ಸೋದಕ್ಕಂತೂ ಪ್ರಯೋಜನಕ್ಕೆ ಬರ್ಲಿಲ್ಲ" ಎಂದ. ಕೊಡುವುದಿಲ್ಲ ಎನ್ನಲು ಮಿಯೆನ್‌ಗೆ ಬಲವಿರಲಿಲ್ಲ. ಮೂರು ಮೀನು ಕೊಟ್ಟಳು. ಒಂಬತ್ತನ್ನು ಮುಂದಿಟ್ಟುಕೊಂಡು, ಮುದುಕಿಯ ಚಾಕು ಇಸಿದುಕೊಂಡು, ಒಂದೊಂದರ ಹೊಟ್ಟೆ ಸೀಳಿ ಉಪ್ಪು ತುಂಬಿದಳು. ಎಷ್ಟು ಚಕಚಕನೆ ನಡೆಯಿತು ಆ ಕೈ! ಅತ್ತಿಗೆಯನ್ನು ಎಷ್ಟು ವರ್ಷ ಶಪಿಸಿದ್ದಳೋ ಅಷ್ಟೂ ಅವಳಿಗೆ ನೆನಪಾಯಿತು. ತನ್ನ ಕೈಯನ್ನು ತಾನೇ ಕಡಿದು ಹಾಕಬೇಕು ಅನ್ನಿಸಿತು, ಆದರೂ ಅದು ನಿಲ್ಲಲಿಲ್ಲ.

ಬಸ್ಸಿನ ಹಿಂದೆ ಕೆಂಡದ ಮೇಲೆ ಮೀನು ಸುಡುತ್ತಿತ್ತು. ಅಕ್ಕಿ ಚೀಲದವನೂ, ಕಂಡಕ್ಟರೂ ಸುತ್ತ ಕೂತಿದ್ದರು. ಡ್ರೈವರ್ ಮೇಲಿನ ಭಾಗ ತಿಂದು ಮುಗಿಸಿ ಮೀನನ್ನು ಆ ಕಡೆ ಮಗುಚಲು ಹೋದ. ಮುದುಕಿ ಅವನ ಕೈಗೆ ಚಟೀರೆಂದು ಹೊಡೆದಳು. "ಮಗುಚಬೇಡ ಮೂಳ! ಎಲುಬು ತೆಗೆದು ಅಡಿಯದ್ದು ತಿನ್ನು. ಮೀನು ಮಗುಚಿದ್ರೆ ಕಡಲಲ್ಲಿ ದೋಣಿ ಮಗುಚ್ತದೆ."

"ಇಲ್ಲೆಲ್ಲಿದೆ ಅಜ್ಜಿ ದೋಣಿ? ಇರೋದೊಂದು ಬಸ್ಸು, ಅದು ಆಗ್ಲೇ ಕೂತಿದೆ" ಎಂದು ಅವನು ನಗಿಸಿದ.

ಮುದುಕಿ ಒಂದು ಇಡೀ ಮೀನನ್ನು ಬಾಳೆ ಎಲೆಯಲ್ಲಿ ಹಾಕಿ ಮಿಯೆನ್ ಮುಂದಿಟ್ಟಳು. ಮಿಯೆನ್ ಬೇಡವೆಂದಳು. "ತಿನ್ನು. ನಿನ್ನ ಮೀನು. ನೀನೂ ಒಂಬತ್ತು ವರ್ಷ ಮೇಲೆ ಕೂತವಳೇ ಅಲ್ವಾ?" ಎಂದಳು ಮುದುಕಿ.

ಅದುವರೆಗೆ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅವಳೇ ತನಗೆ ಹೇಳಿಕೊಂಡಿರಲಿಲ್ಲ. ಒಂದು ಚೂರು ಬಾಯಿಗಿಟ್ಟಳು. ಅರಿಶಿನವಿಲ್ಲ, ಮೆಣಸಿಲ್ಲ, ಬರೀ ಇದ್ದಿಲ ಹೊಗೆ ಹಿಡಿದ ಮೀನು. ಆದರೂ ಅದೇ ಸಿಹಿ, ಅದೇ ಮೆತ್ತಗಿನ ಬಿಳಿ ಮಾಂಸ, ಬೆಳಿಗ್ಗೆ ತಾನೇ ಕಡಲಲ್ಲಿದ್ದ ಜೀವ. ಅವಳ ಕಣ್ಣಿಂದ ನೀರು ಇಳಿಯಿತು. ನಾಚಿಕೆ ಬಿಟ್ಟು ತಿಂದಳು, ಎಲುಬು ಚೀಪಿದಳು, ರೆಕ್ಕೆ ಅಗಿದಳು, ಬೆರಳು ನೆಕ್ಕಿದಳು. ಒಂದಿಷ್ಟು ಹೊತ್ತು ಅವಳಿಗೆ ಗಂಡನ ನೆನಪೇ ಬರಲಿಲ್ಲ. ಎಲೆ ಬರಿದಾದ ಮೇಲೆ ಬಂತು.

ಮಾರನೆಯ ದಿನ ಮಧ್ಯಾಹ್ನ ಅವಳು ಮನೆ ಮುಟ್ಟಿದಾಗ ಥಿಯೆಪ್ ಬೇಲಿಯ ಹತ್ತಿರವೇ ಕೂತಿದ್ದ. ನಿನ್ನೆ ಸಂಜೆಯಿಂದ ಅಲ್ಲೇ ಇದ್ದಾನೆಂದು ಯೆನ್ ಹೇಳಿದಳು. ಒಳಗೆ ಎಳೆ ಹಲಸು ಹೆಚ್ಚಿ ನೀರಿಗೆ ಹಾಕಿಟ್ಟಿದ್ದರು. ಒರಳಲ್ಲಿ ಜಜ್ಜಿಟ್ಟ ಅರಿಶಿನ ಒಣಗಿ ಹೋಗಿತ್ತು. ಅವನು ತಾನೇ ಡಬ್ಬಿ ಎಳೆದುಕೊಂಡು ಮುಚ್ಚಳ ತೆಗೆದ. ಬಹಳ ಹೊತ್ತು ಒಳಗೆ ನೋಡಿದ.

"ಬೋಂಗ್ ಅತ್ತಿಗೆ ಈ ಸಲಾನೂ ಬಿಡ್ಲಿಲ್ವಾ?" ಎಂದ, ನಗಲು ನೋಡಿದ.

"ಅವರಲ್ಲ ರೀ. ನಾನೇ ಹಾಕಿದ್ದು." ಬಸ್ಸು, ಬಿಸಿಲು, ಘಟ್ಟ, ಮುದುಕಿ, ಎಲ್ಲವನ್ನೂ ಹೇಳಿದಳು. ಕೆಂಡದ ವಿಷಯ ಹೇಳಲಿಲ್ಲ. ಅವನು ತಲೆಯಾಡಿಸುತ್ತಾ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟು ಸುಖವಿತ್ತು!

"ಹೋಗ್ಲಿ ಬಿಡು" ಎಂದ. ಆಮೇಲೆ ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಾ ಕೇಳಿದ, "ನೀನು ತಿಂದ್ಯಾ? ಅಣ್ಣನ ಮನೇಲಿ?"

"ಎಲ್ಲಿ, ದೋಣಿ ಬಂದಿದ್ದು ಬೆಳಿಗ್ಗೆ. ಬಸ್ಸು ಹೊರಟುಬಿಡ್ತಿತ್ತು."

"ದಾರೀಲಿ? ಕೆಡೋಕೆ ಮುಂಚೆ ಒಂದಾದ್ರೂ?"

ಒಂಬತ್ತು ವರ್ಷದಿಂದ ಕಾದು ಕೂತ, ಒಂದು ಕಾಲಿಲ್ಲದ, ಎಲುಬು ಚರ್ಮವಾದ ಗಂಡನ ಮುಂದೆ ನಿಂತು ನಿಮ್ಮ ಪಾಲಿನದ್ದನ್ನು ನಾನು ತಿಂದು ಬಂದೆ ಎಂದು ಯಾವ ಬಾಯಿಂದ ಹೇಳುವುದು? "ಇಲ್ಲಪ್ಪ" ಎಂದಳು. "ನಿಮ್ಮನ್ನ ಬಿಟ್ಟು ನನ್ನ ಗಂಟಲಲ್ಲಿ ಇಳಿಯುತ್ತಾ?"

ಥಿಯೆಪ್ ಮುಖ ಕುಸಿಯಿತು. ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಅಪ್ಪಳಿಸಿದ. "ಅಯ್ಯೋ ಹುಚ್ಚೀ! ಹುಚ್ಚೀ! ಒಂದು ತಿನ್ಬಾರ್ದಿತ್ತಾ? ಇಬ್ಬರಲ್ಲಿ ಒಬ್ಬರಿಗಾದ್ರೂ ಸಿಗ್ತಿತ್ತಲ್ಲೇ! ಹೆಂಗಿತ್ತು ಅಂತ ಕೂತು ಕೇಳ್ತಿದ್ದೆನಲ್ಲೇ, ನೀನು ಹೇಳಿದ್ರೆ ನನಗೆ ನೆನಪಾಗ್ತಿತ್ತಲ್ಲೇ!" ಎಂದು ಅತ್ತ. ಕಾಲು ಹೋದ ದಿನವೂ ಅಳದ ಮನುಷ್ಯ ಬೇಲಿ ಹಿಡಿದುಕೊಂಡು ಗೊಳೋ ಎಂದು ಅತ್ತ.

ಮಿಯೆನ್ ನಿಂತಲ್ಲೇ ನಿಂತಳು. ತಿಂದೆ ಎಂಬ ಮಾತು ಗಂಟಲ ತನಕ ಬಂತು. ಈಗ ಹೇಳಿದರೆ ಅವನು ನಂಬುತ್ತಾನೆಯೇ? ಸಮಾಧಾನಕ್ಕೆ ಕಟ್ಟಿ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾನೆ. ನಂಬಿದರೂ, ಮೊದಲು ಹೇಳಿದ ಸುಳ್ಳನ್ನು ಎಲ್ಲಿಡುವುದು? ಅವಳು ಡಬ್ಬಿ ಎತ್ತಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು.

ಥಿಯೆಪ್ ಆಮೇಲೆ ನಾಲ್ಕು ವರ್ಷ ಬದುಕಿದ. ಮತ್ತೆ ಕಾಗದ ಸುಲಭವಾಗಿ ಸಿಗಲಿಲ್ಲ, ಸಿಕ್ಕ ಒಂದು ವರ್ಷ ಯೆನ್‌ಗೆ ಮಲೇರಿಯಾ. ಹಾರುಮೀನಿನ ಕಾಲ ಬಂದಾಗೆಲ್ಲ ಅಕ್ಕಪಕ್ಕದವರನ್ನು ಕೂರಿಸಿಕೊಂಡು ಅವನು ಹೇಳುತ್ತಿದ್ದ: "ನನ್ನ ಹೆಂಡ್ತಿ ಅಂದ್ರೆ ಏನು ಅಂದ್ಕೊಂಡಿದ್ದೀರಿ? ಹನ್ನೆರಡು ತಾಜಾ ಮೀನು ಕೈಯಲ್ಲಿತ್ತು. ಗಂಡನನ್ನ ಬಿಟ್ಟು ಒಂದು ಚೂರು ಬಾಯಿಗೆ ಹಾಕ್ಲಿಲ್ಲ. ಅಂಥವಳು!" ನೆರೆಯ ಹೆಂಗಸರು ಮಿಯೆನ್‌ಳನ್ನು ಕೊಂಡಾಡುತ್ತಿದ್ದರು. ಅವಳು ಒಳಗೆ ಏನೋ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದಳು.

ಕೊನೆಯ ವರ್ಷ, ಮಾತು ತೊದಲುವ ಹೊತ್ತಿಗೆ, ಅವಳ ಕೈ ಹಿಡಿದು ಹೇಳಿದ, "ನಾನು ಹೋದ್ಮೇಲೆ ಒಂದ್ಸಲ ಕೆಳಗೆ ಹೋಗಿ ತಿಂದ್ಬಾ ಮಿಯೆನ್. ಪಾಪ, ನೀನೂ ತಿಂದಿಲ್ಲ."

"ಹೂಂ" ಎಂದಳು ಮಿಯೆನ್.